ಮೀನು ತಿನ್ನದವಳ ಗಂಟಲಲ್ಲಿ ಮುಳ್ಳು! ಸ್ಟೈಲಾಯ್ಡ್ ಮೂಳೆ ಆಪರೇಷನ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ತಿಪಟೂರು_ಟೀಚರ್ | ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 43. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಎರಡೂವರೆ ವರ್ಷದಿಂದ ಗಂಟಲ ಬಲಗಡೆ, ಟಾನ್ಸಿಲ್ ಇರುವ ಜಾಗದಲ್ಲಿ, ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಚುಚ್ಚುತ್ತದೆ. ಹಾಗೆ ಅಂತ ನಮ್ಮ ಪಕ್ಕದ ಮನೆಯವರು ಹೇಳಿದ್ದು. ನಾನು ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ, ಮುಳ್ಳು ಸಿಕ್ಕಿದರೆ ಹೇಗಿರುತ್ತದೆ ಅಂತ ನನಗೇನು ಗೊತ್ತು?

ಮುದ್ದೆ ನುಂಗಿದರೆ ಚುಚ್ಚುತ್ತದೆ, ಉಗುಳು ನುಂಗಿದರೂ ಚುಚ್ಚುತ್ತದೆ. ದೊಡ್ಡದಾಗಿ ಆಕಳಿಸಿದರೆ ಕಣ್ಣಲ್ಲಿ ನೀರು. ಬೋರ್ಡಿನ ಮೇಲೆ ಬರೆಯುತ್ತಾ ಫಕ್ಕನೆ ಮಕ್ಕಳ ಕಡೆ ತಿರುಗಿದರೆ ಬಲಗಿವಿಯೊಳಗೆ ಛಳಕ್ ಅನ್ನುತ್ತದೆ. ಈಗ ಕತ್ತು ತಿರುಗಿಸುವುದೇ ಇಲ್ಲ, ಮೈಯನ್ನೇ ತಿರುಗಿಸುತ್ತೇನೆ. ಮಕ್ಕಳು "ಮಿಸ್ ರೋಬೋಟ್ ತರಹ" ಅಂತ ಆಡಿಕೊಳ್ಳುತ್ತಾರೆ.

ಈವರೆಗೆ ಆಗಿದ್ದು: ಎಂಟು ತಿಂಗಳು ಆಸಿಡಿಟಿ ಮಾತ್ರೆ. ಎರಡು ಸಲ ಗಂಟಲಿಗೆ ಕ್ಯಾಮೆರಾ ಬಿಟ್ಟು "ಏನೂ ಇಲ್ಲ". ಕತ್ತಿಗೆ ಪಟ್ಟಿ. ಬಲಗಡೆಯ ಬುದ್ಧಿಹಲ್ಲು ಕೀಳಿಸಿದ್ದೂ ಆಯಿತು, ನೋವು ಹಾಗೇ ಇದೆ. ಕೊನೆಗೆ ಒಬ್ಬರು ಮನಸ್ಸಿನ ಡಾಕ್ಟರ್ ಹತ್ತಿರ ಹೋಗಿ ಅಂದರು. ಅವತ್ತು ಬಸ್ಸಲ್ಲಿ ಅತ್ತುಬಿಟ್ಟೆ.

ಹೋದ ತಿಂಗಳು ಬೇರೆ ಹಲ್ಲಿಗೆ ಒಪಿಜಿ (ಹಲ್ಲು, ದವಡೆ ಪೂರ್ತಿ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ) ತೆಗೆಸಿದಾಗ ಆ ಡಾಕ್ಟರ್ ದವಡೆಯ ಹಿಂದೆ ಕಾಣುವ ಒಂದು ಉದ್ದ ಕಡ್ಡಿ ತೋರಿಸಿ "ಇದನ್ನು ಯಾರೂ ನಿಮಗೆ ಹೇಳಲಿಲ್ಲವಾ?" ಅಂದರು. ಸ್ಟೈಲಾಯ್ಡ್ ಮೂಳೆಯಂತೆ. ಬಲಗಡೆ 41 ಮಿಲಿಮೀಟರ್, ಎಡಗಡೆ 34. ಎಡಗಡೆ ನೋವೇ ಇಲ್ಲ.

ಒಬ್ಬ ಇಎನ್‌ಟಿ ಡಾಕ್ಟರ್ ಆಪರೇಷನ್ ಮಾಡೋಣ ಅಂತಾರೆ. ಇನ್ನೊಬ್ಬರು ಇದು ಎಷ್ಟೋ ಜನಕ್ಕೆ ಇರುತ್ತದೆ, ಬಿಟ್ಟುಬಿಡಿ ಅಂತಾರೆ. ಮಾಡಿಸಿಕೊಂಡವರು ಇದ್ದರೆ ಹೇಳಿ. ಬಾಯೊಳಗಿಂದ ಮಾಡುತ್ತಾರಾ, ಕತ್ತು ಕುಯ್ಯುತ್ತಾರಾ? ದನಿ ಹೋಗುತ್ತದಾ? ದನಿ ಹೋದರೆ ನನ್ನ ಕೆಲಸವೇ ಹೋದ ಹಾಗೆ.

ಕರಾವಳಿ_ಕಾಕ | 9:20

ಶೀರ್ಷಿಕೆ ನೋಡಿ ನಮ್ಮೂರಿನವರು ಅಂದುಕೊಂಡೆ ಮಾರಾಯ್ರೆ. ನಮ್ಮ ಕಡೆ ಬೂತಾಯಿ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗುವುದು, ಹೋಗದಿದ್ದರೆ ಬಾಳೆಹಣ್ಣು. ಎರಡೂವರೆ ವರ್ಷ ಯಾವ ಮುಳ್ಳೂ ಕೂರುವುದಿಲ್ಲ. ಬೇರೆ ಏನೋ ಇದೆ, ನಿಮ್ಮ ಹಲ್ಲಿನ ಡಾಕ್ಟರಿಗೆ ಒಂದು ನಮಸ್ಕಾರ.

ಹಳೇ_ರೇಡಿಯೋ | 9:31

ನನಗೂ ಸೇಮ್ ಇತ್ತು. ಗ್ಯಾಸ್ಟ್ರಿಕ್. ರಾತ್ರಿ ಊಟ ಏಳಕ್ಕೆ ಮುಗಿಸಿ, ಕಾಫಿ ಬಿಡಿ, ಎರಡು ವಾರದಲ್ಲಿ ಹೋಗುತ್ತದೆ.

ತಿಪಟೂರು_ಟೀಚರ್ | 9:34

ಸರ್, ಕಾಫಿ ಬಿಟ್ಟು ಒಂದೂವರೆ ವರ್ಷ ಆಯಿತು. ನೋವೂ ಇದೆ, ಕಾಫಿಯೂ ಇಲ್ಲ.

ಹಲ್ಲು_ಡಾಕ್ಟ್ರು | 10:05

ದಂತವೈದ್ಯ ನಾನು. ವರ್ಷಕ್ಕೆ ಒಂದೋ ಎರಡೋ ಇಂಥವರು ಬರುತ್ತಾರೆ, ಬಹುಪಾಲು ಹಲ್ಲು ಕೀಳಿಸಿಕೊಂಡ ಮೇಲೆ ಬರುತ್ತಾರೆ ಅನ್ನುವುದೇ ಬೇಸರ.

ಕಿವಿಯ ಹಾಲೆ ಇದೆಯಲ್ಲ, ಅದರ ಹಿಂದೆ ಸ್ವಲ್ಪ ಒಳಗೆ ತಲೆಬುರುಡೆಯ ತಳದಿಂದ ಒಂದು ಸಣ್ಣ ಮೂಳೆ ಕೆಳಗೆ, ಮುಂದಕ್ಕೆ ಇಳಿದಿರುತ್ತದೆ. ಎಲ್ಲರಿಗೂ ಇರುತ್ತದೆ. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಅದರ ತುದಿಯಿಂದ ಗಂಟಲ ಮುಂದಿರುವ ಹಯಾಯ್ಡ್ ಮೂಳೆಗೆ ಒಂದು ಹಗ್ಗದಂಥ ಕಟ್ಟು ಹೋಗುತ್ತದೆ. ಕೆಲವರಲ್ಲಿ ಈ ಕಟ್ಟು ಗಟ್ಟಿಯಾಗುತ್ತಾ ಬಂದು ಮೂಳೆಯೇ ಉದ್ದ ಬೆಳೆದಂತೆ ಕಾಣುತ್ತದೆ. 3 ಸೆಂಟಿಮೀಟರ್ ದಾಟಿದರೆ ಉದ್ದ ಅಂತ ಕರೆಯುವುದು ರೂಢಿ. ತುದಿ ಟಾನ್ಸಿಲ್ ಗೂಡಿನ ಹಿಂದೆ ಬಂದು ಒತ್ತುತ್ತದೆ. ಪಕ್ಕದಲ್ಲೇ ಒಂಬತ್ತನೇ ನರ ಹೋಗುತ್ತದೆ, ಗಂಟಲಿಗೂ ನಾಲಿಗೆಯ ಹಿಂಭಾಗಕ್ಕೂ ಕಿವಿಯ ಒಳಗೂ ಅದರದ್ದೇ ಕವಲು. ಅದಕ್ಕೇ ಚುಚ್ಚುವುದು ಗಂಟಲಲ್ಲಿ, ಛಳಕ್ ಅನ್ನುವುದು ಕಿವಿಯಲ್ಲಿ. ಇದಕ್ಕೆ ಈಗಲ್ ಸಿಂಡ್ರೋಮ್ ಅಂತ ಹೆಸರು.

ಆದರೆ ಒಂದು ಮಾತು ಮೇಡಂ. ಒಪಿಜಿಯಲ್ಲಿ 41 ಅಂತ ಬಂದರೆ ನಿಜಕ್ಕೂ 41 ಅಂತಲ್ಲ. ಆ ಚಿತ್ರ ಎಲ್ಲವನ್ನೂ ಸ್ವಲ್ಪ ಹಿಗ್ಗಿಸಿ ತೋರಿಸುತ್ತದೆ. ತಲೆ ಇಟ್ಟ ರೀತಿಯ ಮೇಲೂ ಅಳತೆ ಬದಲಾಗುತ್ತದೆ. ಆಪರೇಷನ್ ಮಾತು ಆಡುವ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ, ಮೂರು ಆಯಾಮದ ಚಿತ್ರ ಕೇಳಿ. ಉದ್ದಕ್ಕಿಂತ ಅದು ಯಾವ ಕಡೆ ವಾಲಿದೆ, ಯಾವುದಕ್ಕೆ ತಾಗುತ್ತಿದೆ ಅನ್ನುವುದು ಮುಖ್ಯ.

ಲೆಕ್ಕದ_ಮೇಷ್ಟ್ರು | 10:22

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ. ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗೆ: ನೂರಕ್ಕೆ ನಾಲ್ಕು ಜನಕ್ಕೆ ಈ ಮೂಳೆ ಉದ್ದ ಇರುತ್ತದೆ. ಅವರಲ್ಲಿ ತೊಂದರೆ ಕೊಡುವುದು ನೂರಕ್ಕೆ 4ರಿಂದ 10 ಜನಕ್ಕೆ. ಅಂದರೆ ಸಾವಿರ ಜನರನ್ನು ನಿಲ್ಲಿಸಿದರೆ 40 ಜನರ ಮೂಳೆ ಉದ್ದ, ನೋವು ಇರುವವರು ಇಬ್ಬರಿಂದ ನಾಲ್ವರು. ಉಳಿದ 36 ಜನ ಆರಾಮಾಗಿ ಮುದ್ದೆ ನುಂಗಿಕೊಂಡು ಇದ್ದಾರೆ. ಫಿಲ್ಮಿನಲ್ಲಿ ಕಂಡಿತು ಅಂದ ಮಾತ್ರಕ್ಕೆ ಕತ್ತರಿ ಹಿಡಿದರೆ ಹೇಗೆ? ಮೇಡಂ ಅವರ ಎಡಗಡೆಯೇ ಸಾಕ್ಷಿ. ಅಲ್ಲೂ ಉದ್ದ ಇದೆ, ನೋವಿಲ್ಲ.

ಸುಮ್ನಿರು_ಗುರು | 10:25

ಮೇಷ್ಟ್ರೇ, ನೋವು ಇರುವ ಇಬ್ಬರಲ್ಲಿ ಒಬ್ಬರು ಇಲ್ಲಿ ಬರೆಯುತ್ತಿದ್ದಾರೆ, ನೀವು 36 ಜನರ ಕಥೆ ಹೇಳುತ್ತಿದ್ದೀರಿ.

ಲೆಕ್ಕದ_ಮೇಷ್ಟ್ರು | 10:29

ನೋವಿಲ್ಲ ಅಂತ ಹೇಳಲಿಲ್ಲವಲ್ಲ. ನೋವು ಆ ಮೂಳೆಯದ್ದೇ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ ಅಂದೆ. ಇದೇ ನಂಬಿಕೆಯಲ್ಲಿ ಒಂದು ಬುದ್ಧಿಹಲ್ಲು ಆಗಲೇ ಹೋಗಿದೆ!

ಕಿಮೂಗಂ_ಪಿಜಿ | 11:48

ಕಿವಿ ಮೂಗು ಗಂಟಲು ವಿಭಾಗದಲ್ಲಿ ಎರಡನೇ ವರ್ಷದ ಪಿಜಿ. ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ದೊಡ್ಡವರು ತಿದ್ದಲಿ.

ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರವೂ ಇದೆ. ಮೊದಲನೆಯದು ಬೆರಳು. ಕೈಗವಸು ಹಾಕಿಕೊಂಡು ಟಾನ್ಸಿಲ್ ಗೂಡಿನಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಗಟ್ಟಿ ಮೂಳೆ ತಾಗುತ್ತದೆ. ಸರಿಯಾದ ಉದ್ದದ ಸ್ಟೈಲಾಯ್ಡ್ ಅಲ್ಲಿ ಕೈಗೆ ಸಿಗುವುದಿಲ್ಲ. ಒತ್ತಿದಾಗ ರೋಗಿ "ಇದೇ, ಇದೇ ನೋವು" ಅನ್ನಬೇಕು. ಸುಮ್ನೆ "ನೋವಾಗುತ್ತದೆ" ಅಂದರೆ ಸಾಲದು, ಅಲ್ಲಿ ಬೆರಳಿಟ್ಟರೆ ಯಾರಿಗಾದರೂ ಇರುಸುಮುರುಸು ಆಗುತ್ತದೆ. ಎರಡನೆಯದು ಅದೇ ಜಾಗಕ್ಕೆ ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್. ಔಷಧಿಯ ಪ್ರಭಾವ ಇರುವಷ್ಟು ಹೊತ್ತು ನೋವು ಹೋದರೆ ತಪ್ಪಿತಸ್ಥ ಅದೇ ಮೂಳೆ ಅನ್ನಲು ದೊಡ್ಡ ಬಲ ಬರುತ್ತದೆ. ಮೂರನೆಯದು ಸಿಟಿ. ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಆಪರೇಷನ್ ಮಾತು.

ಮೇಡಂ, ನಿಮಗೆ ಯಾರಾದರೂ ಬೆರಳು ಹಾಕಿ ನೋಡಿದ್ದಾರಾ?

ತಿಪಟೂರು_ಟೀಚರ್ | ಮಂಗಳವಾರ ಬೆಳಿಗ್ಗೆ 6:10

ಇಲ್ಲ. ಎರಡೂವರೆ ವರ್ಷದಲ್ಲಿ ಐದು ಡಾಕ್ಟರ್. ಕ್ಯಾಮೆರಾ ಹಾಕಿದ್ದಾರೆ, ಬೆರಳು ಯಾರೂ ಹಾಕಿಲ್ಲ.

ಅಜ್ಜಿ_ಮದ್ದು | 7:02

ಕಾಳುಮೆಣಸು, ಶುಂಠಿ, ಜೇಷ್ಠಮಧು ಕಷಾಯ ಮಾಡಿ ಕುಡಿಯಿರಿ. ಜೊತೆಗೆ ನಮ್ಮೂರಲ್ಲಿ ಒಬ್ಬರು ಕತ್ತು ನೀವಿ ಗಂಟಲ ಮೂಳೆ ಕೂರಿಸುತ್ತಾರೆ, ಮೂರೇ ಸಲಕ್ಕೆ ಸರಿ ಹೋಗುತ್ತದೆ.

ಕಿಮೂಗಂ_ಪಿಜಿ | 7:15

ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಕತ್ತು ನೀವಿಸಿಕೊಳ್ಳುವುದು ಮಾತ್ರ ದಯವಿಟ್ಟು ಬೇಡ. ಆ ಮೂಳೆಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಕರೋಟಿಡ್ ನಾಳ ಇದೆ. ಚೂಪಾದ ಮೂಳೆ, ಅದರ ಪಕ್ಕ ನಾಳ, ಮೇಲಿಂದ ಜೋರಾಗಿ ಒತ್ತುವ ಹೆಬ್ಬೆರಳು: ಯೋಚನೆ ಮಾಡಿ. ಸಲೂನಿನಲ್ಲಿ ಕಟಿಂಗ್ ಆದ ಮೇಲೆ ತಲೆ ಹಿಡಿದು ಎರಡೂ ಕಡೆ ಲಟಕ್ ಅನ್ನಿಸುತ್ತಾರಲ್ಲ, ಅದೂ ಬೇಡ.

ಸುಮ್ನಿರು_ಗುರು | 7:18

ಅಯ್ಯೋ ಆ ಲಟಕ್‌ಗೋಸ್ಕರವೇ ನಾನು ತಿಂಗಳಿಗೆ ಎರಡು ಸಲ ಕಟಿಂಗ್‌ಗೆ ಹೋಗುವುದು.

ಕರಾವಳಿ_ಕಾಕ | 7:21

ಕೂದಲು ಇದೆಯಾ ಎರಡು ಸಲ ಕತ್ತರಿಸಲು?

ದಾವಣಗೆರೆ_ಬೆಣ್ಣೆ | 8:40

ಲಟಕ್ ಅಂದಾಗ ನಮ್ಮ ಸೋದರಮಾವನ ಕಥೆ ನೆನಪಾಯಿತು. ಲಾರಿ ಓಡಿಸುತ್ತಿದ್ದರು. ರಿವರ್ಸ್ ತೆಗೆಯುವಾಗ ಬಲಕ್ಕೆ ತಿರುಗಿ ಹಿಂದೆ ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ನಾಲ್ಕೈದು ಸೆಕೆಂಡ್ ಅಷ್ಟೇ, ಮುಂದೆ ನೋಡಿದ ಕೂಡಲೇ ಸರಿ. ಬಿಪಿ ನೋಡಿದರು, ಶುಗರ್ ನೋಡಿದರು, ತಲೆಗೆ ಎಂಆರ್‌ಐ ಮಾಡಿದರು, ಎಲ್ಲ ನಾರ್ಮಲ್. ಗಂಟಲು ನೋವು ಅಂತ ಅವರು ಒಂದು ದಿನವೂ ಹೇಳಿದವರಲ್ಲ. ಒಂದು ದಿನ ಗೋಡೌನ್ ಗೋಡೆಗೇ ಲಾರಿ ಹತ್ತಿಸಿಬಿಟ್ಟರು, ಪುಣ್ಯಕ್ಕೆ ಯಾರೂ ಇರಲಿಲ್ಲ.

ಕೊನೆಗೆ ಒಬ್ಬ ನರದ ಡಾಕ್ಟರ್ "ಯಾವ ಕಡೆ ತಿರುಗಿದಾಗ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ರಕ್ತನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಸಿಟಿ ಆಂಜಿಯೋ ಮಾಡಿಸಿದರು, ತಲೆ ನೇರ ಇಟ್ಟು ಒಂದು ಸಲ, ತಿರುಗಿಸಿ ಒಂದು ಸಲ. ತಿರುಗಿಸಿದಾಗ ಮೂಳೆ ನಾಳವನ್ನು ಅಮುಕುತ್ತಿತ್ತು. ಕತ್ತಿನ ಮೂಲಕ ಆಪರೇಷನ್ ಆಯಿತು. ಈಗ ಲಾರಿ ಬಿಟ್ಟಿದ್ದಾರೆ, ಅದು ಬೇರೆ ಕಾರಣಕ್ಕೆ, ಮಗ ಬಿಡಿಸಿದ.

ಕಿಮೂಗಂ_ಪಿಜಿ | 9:05

ಇದು ಎರಡನೇ ಬಗೆ. ಗಂಟಲಲ್ಲಿ ಚುಚ್ಚುವುದು ಒಂದು ಬಗೆ, ನಾಳಕ್ಕೆ ಒತ್ತುವುದು ಇನ್ನೊಂದು. ಅಪರೂಪಕ್ಕೆ ನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದದ್ದೂ ಇದೆ. ಇತ್ತೀಚೆಗೆ ಮೂರನೆಯದೂ ಚರ್ಚೆಯಲ್ಲಿದೆ: ತಲೆಯಿಂದ ರಕ್ತ ಕೆಳಗೆ ತರುವ ಜುಗುಲಾರ್ ರಕ್ತನಾಳ ಈ ಮೂಳೆಗೂ ಕತ್ತಿನ ಮೊದಲ ಮೂಳೆಗೂ ನಡುವೆ ಸಿಕ್ಕಿಕೊಳ್ಳುವುದು. ಅವರಿಗೆ ತಲೆನೋವು, ಕಿವಿಯಲ್ಲಿ ನಾಡಿ ಬಡಿದ ಹಾಗೆ ಸದ್ದು. ತಿರುಗಿದಾಗ ಕಣ್ಣು ಕತ್ತಲೆ, ಮಾತು ತೊದಲುವುದು, ಒಂದು ಕಡೆ ಜೋಮು, ಇವು ಯಾರಿಗಾದರೂ ಇದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಓಲೆಗರಿ | 9:50

ಕಾಯಿಲೆಗೆ ಈಗಲ್ ಸಿಂಡ್ರೋಮ್ ಅಂತ ಹೆಸರು ಯಾಕೆ? ಮೂಳೆ ಹದ್ದಿನ ಕೊಕ್ಕಿನ ತರಹ ಬಾಗಿರುತ್ತದೆ ಅಂತಲಾ?

ಹಲ್ಲು_ಡಾಕ್ಟ್ರು | 10:11

ಹದ್ದೂ ಅಲ್ಲ, ಗರುಡನೂ ಅಲ್ಲ. ವಾಟ್ ವೀಮ್ಸ್ ಈಗಲ್ ಅಂತ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಎನ್‌ಟಿ ವೈದ್ಯ. 1937ರಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದರು, ಮುಂದೆ ಇಪ್ಪತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ನೋಡಿದರು. ಟಾನ್ಸಿಲ್ ತೆಗೆಸಿದ ಮೇಲೆ ಗಾಯದ ಕಲೆ ಬಿಗಿದು ನೋವು ಶುರುವಾಗುತ್ತದೆ ಅಂತ ಅವರು ತಿಳಿದಿದ್ದರು. ಆಮೇಲೆ ನೋಡಿದರೆ ಟಾನ್ಸಿಲ್ ಇರುವವರಿಗೂ ಬರುತ್ತದೆ. ಅವರಿಗಿಂತ ಬಹಳ ಮೊದಲೇ, 1652ರಲ್ಲಿ, ಇಟಲಿಯ ಪಡುವಾದ ಮಾರ್ಕೆಟ್ಟಿ ಅನ್ನುವವರು ಆ ಕಟ್ಟು ಮೂಳೆಯಾಗುವುದನ್ನು ಗುರುತಿಸಿದ್ದರು. ಹೆಸರು ಮಾತ್ರ ಈಗಲ್ ಪಾಲಾಯಿತು.

ಓಲೆಗರಿ | 10:30

ಸ್ಟೈಲಾಯ್ಡ್ ಅಂದರೆ ಲೇಖನಿಯಂಥದ್ದು ಅಂತ ಅರ್ಥವಂತೆ, ಈಗ ನೋಡಿದೆ. ರೋಮಿನವರು ಮೇಣದ ಹಲಗೆಯ ಮೇಲೆ ಗೀರುತ್ತಿದ್ದ ಕಡ್ಡಿ. ನಮ್ಮಲ್ಲಿ ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಂಟದ ಹಾಗೆ. ಟೀಚರಮ್ಮನ ಗಂಟಲಲ್ಲೇ ಬರೆಯುವ ಕಡ್ಡಿ ಸಿಕ್ಕಿಕೊಂಡಿದೆ ಅಂದ ಹಾಗಾಯಿತು!

ಬೈಕ್_ಬಿದ್ದವನು | 10:44

ತಡೀರಿ ತಡೀರಿ. ನನ್ನ ಮಣಿಕಟ್ಟಿನ ಎಕ್ಸ್‌ರೇ ರಿಪೋರ್ಟಿನಲ್ಲಿ "ಸ್ಟೈಲಾಯ್ಡ್ ಮುರಿದಿದೆ" ಅಂತ ಬರೆದಿದ್ದರು. ಕೈ ಮೂಳೆ ಗಂಟಲಿಗೆ ಹೇಗೆ ಹೋಯಿತು?

ಕಿಮೂಗಂ_ಪಿಜಿ | 10:52

ಹೋಗಿಲ್ಲ ಅಣ್ಣ. ಕಡ್ಡಿಯ ಹಾಗೆ ಚೂಪಾಗಿ ಚಾಚಿದ ಮೂಳೆಗೆಲ್ಲ ಅದೇ ಹೆಸರು. ಮಣಿಕಟ್ಟಿನ ಎರಡೂ ಬದಿಯಲ್ಲಿ ಒಂದೊಂದು ಇದೆ. ನಿಮ್ಮ ಗಂಟಲು ಕ್ಷೇಮ.

ಹುಬ್ಬಳ್ಳಿ_ಗಿರ್ಮಿಟ್ | 1:15

ನೋಡ್ರಿ ಮೇಡಂ, ನಾನು ಮಾಡಿಸಿಕೊಂಡವನು. ಬಾಯೊಳಗಿಂದ, ಎಡಗಡೆ, ನಾಲ್ಕು ವರ್ಷದ ಹಿಂದೆ. ನಂದು 38 ಮಿಲಿಮೀಟರ್ ಇತ್ತು, ಸಿಟಿಯಲ್ಲಿ.

ಪೂರ್ತಿ ಮಂಪರು ಕೊಟ್ಟಿದ್ದರು, ಉಸಿರಿನ ಕೊಳವೆ ಮೂಗಿನಿಂದ. ಮೊದಲು ಆ ಕಡೆಯ ಟಾನ್ಸಿಲ್ ತೆಗೆದರು. ಆ ಗೂಡಿನ ತಳದಲ್ಲಿ ಬೆರಳಿಗೆ ಮೂಳೆ ಸಿಗುತ್ತದಂತೆ. ಮೇಲಿನ ಪದರ ಸೀಳಿ, ಮೂಳೆಗೆ ಅಂಟಿದ ಮಾಂಸ ಬಿಡಿಸಿ, ಆದಷ್ಟು ಬುಡದ ಹತ್ತಿರ ಮುರಿದು ತೆಗೆದರು. ಸುಮಾರು ಒಂದು ತಾಸು. ಮೂರನೇ ದಿನ ಮನೆಗೆ. ಹೊರಗೆ ಒಂದು ಗೀರಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲ ಹತ್ತು ದಿನ ನರಕ. ಮಕ್ಕಳಿಗೆ ಟಾನ್ಸಿಲ್ ತೆಗೆದರೆ ಐಸ್‌ಕ್ರೀಮ್ ತಿಂದು ಆಟ ಆಡುತ್ತಾರೆ, ನಲವತ್ತರ ಮೇಲೆ ಹಾಗಲ್ಲ. ಉಗುಳು ನುಂಗಲು ಧೈರ್ಯ ಬೇಕು. ಗಂಜಿ, ಮೊಸರು, ತಣ್ಣನೆ ಹಾಲು. ಮಿರ್ಚಿ ಬಜಿ ವಾಸನೆ ಬಂದರೆ ಕಿಟಕಿ ಮುಚ್ಚಿಸುತ್ತಿದ್ದೆ. ಒಂದೂವರೆ ತಿಂಗಳಿಗೆ ಹಳೆ ಚುಚ್ಚು ಇಲ್ಲ. ಇಂದಿಗೂ ಇಲ್ಲ.

ಜರ್ಮನಿ_ಜೋಳದರೊಟ್ಟಿ | 2:40

ನಾನು ಸ್ಟಟ್‌ಗಾರ್ಟ್ ಹತ್ತಿರ ಇರುವುದು. ನನಗೆ ಕತ್ತಿನ ಮೂಲಕ ಮಾಡಿದರು. ದವಡೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಚರ್ಮದ ಮಡಿಕೆಯಲ್ಲೇ ಐದು ಸೆಂಟಿಮೀಟರ್ ಗೀರು. ಈಗ ಹುಡುಕಿದರೂ ಬೇಗ ಕಾಣುವುದಿಲ್ಲ, ಸರ ಹಾಕಿದರೆ ಮುಗಿಯಿತು.

ನಾನೂ ಬಾಯೊಳಗಿಂದ ಮಾಡಿ ಅಂತ ಹಟ ಹಿಡಿದಿದ್ದೆ. ಡಾಕ್ಟರ್ ಸ್ಕ್ಯಾನ್ ತೋರಿಸಿ ಹೇಳಿದರು: "ಬಾಯೊಳಗಿಂದ ಹೋದರೆ ಆಳವಾದ ಬಾವಿಯೊಳಗೆ ಕೈಬಿಟ್ಟು ಕೆಲಸ ಮಾಡಿದ ಹಾಗೆ. ನಿಮ್ಮ ಮೂಳೆ ನಾಳಕ್ಕೆ ತಾಗಿಕೊಂಡಿದೆ, ನಾನು ನಾಳವನ್ನು ಕಣ್ಣಲ್ಲಿ ನೋಡುತ್ತಾ ಕೆಲಸ ಮಾಡಬೇಕು." ಆಮೇಲೆ ನಾನು ಬಾಯಿ ಮುಚ್ಚಿದೆ.

ಬೆಲೆಯೂ ತೆತ್ತೆ. ಕೆಳತುಟಿಯನ್ನು ಎಳೆಯುವ ಸಣ್ಣ ನರ ಆ ದಾರಿಯಲ್ಲೇ ಇದೆ. ಅದನ್ನು ಸರಿಸಿ ಹಿಡಿದಿದ್ದಕ್ಕೆ ಏಳು ವಾರ ನನ್ನ ನಗು ಸೊಟ್ಟ. ಕಾಫಿ ಕುಡಿದರೆ ಒಂದು ಕಡೆ ಸೋರುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ ಹೆದರಿ ದೇವರಿಗೆ ಹರಕೆ ಹೊತ್ತಿದ್ದರು. ಪೂರ್ತಿ ಸರಿಹೋಯಿತು. ಇನ್ನೊಂದು ವಿಚಿತ್ರ: ಊಟದ ಮೊದಲ ತುತ್ತಿಗೆ ಮಾತ್ರ ದವಡೆಯ ಹಿಂದೆ ಜೋರು ನೋವು, ಎರಡನೇ ತುತ್ತಿನಿಂದ ಇಲ್ಲ. ಆರು ತಿಂಗಳು ಇತ್ತು, ತಾನಾಗಿ ಹೋಯಿತು.

ಹುಬ್ಬಳ್ಳಿ_ಗಿರ್ಮಿಟ್ | 2:58

ಏಳು ವಾರ ಸೊಟ್ಟ ನಗು! ಬಾಯೊಳಗಿಂದಲೇ ಚಲೋ ರೀ. ಟೀಚರ್ ಅವರು, ಮಕ್ಕಳ ಮುಂದೆ ನಿಲ್ಲಬೇಕು.

ಜರ್ಮನಿ_ಜೋಳದರೊಟ್ಟಿ | 3:06

ಬಾಯಿ ಅಂದರೆ ಕೀಟಾಣುಗಳ ಸಂತೆ. ಕೀವು ಕತ್ತಿನ ಆಳಕ್ಕೆ ಇಳಿದರೆ ಅದು ಏಳು ವಾರದ ತುಟಿಗಿಂತ ದೊಡ್ಡ ತಲೆನೋವು. ರಕ್ತ ಚಿಮ್ಮಿದರೆ ಆ ಬಾವಿಯೊಳಗೆ ನಿಲ್ಲಿಸುವುದೂ ಕಷ್ಟ.

ಹುಬ್ಬಳ್ಳಿ_ಗಿರ್ಮಿಟ್ | 3:09

ನನಗೆ ಕೀವೂ ಆಗಲಿಲ್ಲ, ರಕ್ತವೂ ಬರಲಿಲ್ಲ.

ಜರ್ಮನಿ_ಜೋಳದರೊಟ್ಟಿ | 3:10

ನನಗೂ ಈಗ ನಗು ನೆಟ್ಟಗಿದೆ.

ಹಲ್ಲು_ಡಾಕ್ಟ್ರು | 4:20

ಇಬ್ಬರೂ ನಿಮ್ಮ ನಿಮ್ಮ ಡಾಕ್ಟರ್ ಪರ ವಾದ ಮಾಡುತ್ತಿದ್ದೀರಿ. ತುದಿ ಟಾನ್ಸಿಲ್ ಗೂಡಿನಲ್ಲಿ ಕೈಗೆ ಚೆನ್ನಾಗಿ ಸಿಗುತ್ತದೆ, ನಾಳದಿಂದ ದೂರ ಇದೆ, ಬಾಯಿ ಅಗಲವಾಗಿ ತೆರೆಯುತ್ತದೆ ಅಂದರೆ ಒಳದಾರಿ ಸಲೀಸು. ಮೂಳೆ ತೀರಾ ಉದ್ದ ಅಥವಾ ದಪ್ಪ, ನಾಳಕ್ಕೆ ತಾಗಿದೆ ಅಂದರೆ ಹೊರದಾರಿ. ಈಗ ಕೆಲವು ಕಡೆ ದುರ್ಬೀನು ಬಿಟ್ಟುಕೊಂಡು ಒಳಗಿಂದಲೇ ಸ್ಪಷ್ಟವಾಗಿ ನೋಡುತ್ತಾ ಮಾಡುತ್ತಾರೆ. ಇದೆಲ್ಲಕ್ಕಿಂತ, ಆ ಡಾಕ್ಟರ್ ಕೈಗೆ ಯಾವ ದಾರಿ ಹೆಚ್ಚು ಪಳಗಿದೆ ಅಂತ ಕೇಳಿ. ನೇರವಾಗಿ ಕೇಳಿ: "ನೀವು ಇದುವರೆಗೆ ಎಷ್ಟು ಮಾಡಿದ್ದೀರಿ?" ಕೋಪ ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಹಿಂದೆ ಬೆರಳಲ್ಲೇ ಒತ್ತಿ ಮುರಿದು ಬಿಡುವವರೂ ಇದ್ದರು. ಯಾರಾದರೂ ಹಾಗೆ ಹೇಳಿದರೆ ಎದ್ದು ಬನ್ನಿ.

ಮೌನಿ_ಮೈಸೂರು | 9:33

ಇಲ್ಲಿ ಎಲ್ಲರೂ ವಾಸಿಯಾದ ಕಥೆ ಹೇಳುತ್ತಿದ್ದೀರಿ. ವಾಸಿಯಾಗದವಳ ಕಥೆಯೂ ಇರಲಿ.

ನನ್ನದು ಎಡಗಡೆ ಆಪರೇಷನ್ ಆಯಿತು. ಮೂಳೆ ಹೋಯಿತು, ನೋವು ಹೋಗಲಿಲ್ಲ. ಮೊದಲ ಮೂರು ತಿಂಗಳು ಗಾಯ ಮಾಗುತ್ತಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಗೊತ್ತಾಯಿತು, ನನ್ನದು ಒಂಬತ್ತನೇ ನರದ್ದೇ ತಕರಾರು. ಕರೆಂಟ್ ಹೊಡೆದಂತೆ ಬರುತ್ತಿತ್ತು, ಹತ್ತಿಪ್ಪತ್ತು ಸೆಕೆಂಡಿಗೆ ಹೋಗುತ್ತಿತ್ತು, ದಿನಕ್ಕೆ ಎಷ್ಟೋ ಸಲ. ಚುಚ್ಚುವ ಮುಳ್ಳಿನ ನೋವು ಅಲ್ಲ ಅದು. ನಾನೇ ಡಾಕ್ಟರಿಗೆ ಸರಿಯಾಗಿ ವಿವರಿಸಲಿಲ್ಲವೋ, ಅವರು ಕೇಳಲಿಲ್ಲವೋ. ನನಗೆ ಇಂಜೆಕ್ಷನ್ ಪರೀಕ್ಷೆ ಮಾಡಿರಲಿಲ್ಲ. ಈಗ ಕಾರ್ಬಮಝೆಪಿನ್ ಮಾತ್ರೆಯಲ್ಲಿ ನೋವು ಮುಕ್ಕಾಲು ಪಾಲು ಹಿಡಿತದಲ್ಲಿದೆ, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ಮಾತ್ರೆ ಕೊಟ್ಟು ನೋಡಿದ್ದರೆ ಕತ್ತರಿ ಬೇಕಿರಲಿಲ್ಲವೇನೋ.

ಟೀಚರ್ ಅಕ್ಕ, ನಿಮ್ಮನ್ನು ಹೆದರಿಸಲು ಬರೆಯಲಿಲ್ಲ.

ತಿಪಟೂರು_ಟೀಚರ್ | 9:50

ಹೆದರಿಕೆ ಆಯಿತು, ಆದರೆ ಬರೆದಿದ್ದು ಒಳ್ಳೆಯದೇ ಆಯಿತು ತಂಗಿ. ನನ್ನದು ಕರೆಂಟ್ ಅಲ್ಲ. ದಿನವಿಡೀ ಇರುತ್ತದೆ, ನುಂಗಿದಾಗ, ತಿರುಗಿದಾಗ ಜಾಸ್ತಿ.

ಲೆಕ್ಕದ_ಮೇಷ್ಟ್ರು | 9:58

ಆಪರೇಷನ್ ಫಲ ಕೊಡುವುದು ಸುಮಾರು ನೂರಕ್ಕೆ 80 ಅಂತ ಹೇಳುತ್ತಾರೆ. ಉಳಿದ 20ರಲ್ಲಿ ಮೈಸೂರಿನ ತಂಗಿ ಇದ್ದಾರೆ. ನಾನು ನಿನ್ನೆಯಿಂದ ಹೇಳುತ್ತಿರುವುದು ಇದನ್ನೇ.

ಸುಮ್ನಿರು_ಗುರು | 10:01

ಮೇಷ್ಟ್ರಿಗೆ ಕೊನೆಗೂ ಒಂದು ಮಾರ್ಕ್ಸ್.

ಯಕ್ಷ_ಪ್ರೇಮಿ | 10:15

ದನಿ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಹವ್ಯಾಸಕ್ಕೆ ಭಾಗವತಿಕೆ ಮಾಡುವವನು, ನನಗೂ ಕುತೂಹಲ.

ಕಿಮೂಗಂ_ಪಿಜಿ | 11:20

ದನಿ ಹುಟ್ಟುವ ಜಾಗ ಇದಕ್ಕಿಂತ ಕೆಳಗೆ. ಕೊಳವೆ ಹಾಕಿದ್ದಕ್ಕೆ ಕೆಲವು ದಿನ ದನಿ ಒಡೆದಿರಬಹುದು. ಆ ಮೂಳೆಗೆ ಮೂರು ಸಣ್ಣ ಮಾಂಸಖಂಡ ಅಂಟಿರುತ್ತವೆ, ನಾಲಿಗೆಗೆ ಒಂದು, ಗಂಟಲಿಗೆ ಒಂದು, ಹಯಾಯ್ಡ್ ಮೂಳೆಗೆ ಒಂದು. ಅವನ್ನು ಬಿಡಿಸಿದ್ದಕ್ಕೆ ಕೆಲವು ವಾರ ನುಂಗುವುದು ಬಿಗಿ ಅನ್ನಿಸುತ್ತದೆ, ಆಮೇಲೆ ಉಳಿದವು ಕೆಲಸ ಹಂಚಿಕೊಳ್ಳುತ್ತವೆ. ಟೀಚರಿಗೆ ನಾನಾದರೆ ಒಂದು ತಿಂಗಳು ರಜೆ ಹಾಕಿ, ಆಮೇಲೆ ಕೆಲ ದಿನ ಮೈಕ್ ಬಳಸಿ ಅನ್ನುತ್ತೇನೆ.

ಆಪರೇಷನ್ ಬೇಡ ಅನ್ನುವವರಿಗೆ ಬೇರೆ ದಾರಿಯೂ ಇದೆ. ನೋವಿನ ಮಾತ್ರೆ, ನರದ ನೋವಿಗೆ ಪ್ರಿಗಾಬಲಿನ್ ತರಹದ ಮಾತ್ರೆ, ಆ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್. ಇವುಗಳಿಂದ ಮೂಳೆ ಕರಗುವುದಿಲ್ಲ. ನೋವು ಸಹಿಸುವಷ್ಟಕ್ಕೆ ಇಳಿದರೆ ಅಷ್ಟೇ ಸಾಕು ಅನ್ನುವವರೂ ತುಂಬಾ ಇದ್ದಾರೆ.

ಖರ್ಚು_ಖಾತೆ | ಬುಧವಾರ 8:25

ದುಡ್ಡಿನ ಮಾತು ಯಾರೂ ಆಡುತ್ತಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30, ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿ ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ಟಾನ್ಸಿಲ್, ಸೈನಸ್ ಇಂಥವಕ್ಕೆ ಮೊದಲ ಎರಡು ವರ್ಷ ದುಡ್ಡು ಕೊಡುವುದಿಲ್ಲ ಅನ್ನುವ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಬಾಯೊಳಗಿಂದ ಮಾಡುವಾಗ ಟಾನ್ಸಿಲ್ ತೆಗೆಯುತ್ತಾರಲ್ಲ, ಬಿಲ್ಲಿನಲ್ಲಿ ಅದು ಹೇಗೆ ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ನನ್ನ ತಮ್ಮನಿಗೆ ಬೇರೆ ಕಾಯಿಲೆಯಲ್ಲಿ ಇದೇ ಒಂದು ಪದಕ್ಕೆ ಕ್ಲೇಮ್ ನಿಂತಿತ್ತು.

ಕರಾವಳಿ_ಕಾಕ | 8:31

ವಿಮೆಯವರ ಷರತ್ತು ಬೂತಾಯಿಗಿಂತ ಮುಳ್ಳು.

ತಿಪಟೂರು_ಟೀಚರ್ | ಒಂಬತ್ತು ದಿನದ ನಂತರ, ಶುಕ್ರವಾರ ಸಂಜೆ 6:40

ಎಲ್ಲರಿಗೂ ಸುದ್ದಿ ಹೇಳಬೇಕು.

ತುಮಕೂರಿನಲ್ಲಿ ಸಿಟಿ ಮಾಡಿಸಿದೆ. ಬಲಗಡೆ 37, ಎಡಗಡೆ 31. ಹಲ್ಲಿನ ಡಾಕ್ಟರ್ ಸರ್ ಹೇಳಿದಂತೆ ಒಪಿಜಿ ಹಿಗ್ಗಿಸಿಯೇ ತೋರಿಸಿತ್ತು. ಬಲಗಡೆಯದು ಒಳಕ್ಕೆ ವಾಲಿದೆಯಂತೆ, ನಾಳದಿಂದ ದೂರ ಇದೆಯಂತೆ.

ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಹೋದೆ. ಈ ಸಲ ಡಾಕ್ಟರ್ ನಾನು ಕೇಳುವ ಮೊದಲೇ ಕೈಗವಸು ಹಾಕಿಕೊಂಡರು. ಟಾನ್ಸಿಲ್ ಪಕ್ಕ ಬೆರಳಿಟ್ಟು ಒತ್ತಿದರು ನೋಡಿ, ಕುರ್ಚಿಯಿಂದ ಎದ್ದುಬಿಟ್ಟೆ. "ಇದೇ" ಅಂತ ಹೇಳಲೂ ಆಗಲಿಲ್ಲ, ಅವರ ಕೈ ಹಿಡಿದು ತಲೆ ಆಡಿಸಿದೆ. ಎಡಗಡೆ ಒತ್ತಿದರೆ ಓಕರಿಕೆ ಬಂತು ಅಷ್ಟೇ. ಆಮೇಲೆ ಬಲಗಡೆಗೆ ಇಂಜೆಕ್ಷನ್ ಕೊಟ್ಟು ಹೊರಗೆ ಕೂರಿಸಿದರು. ಹತ್ತು ನಿಮಿಷ ಆದ ಮೇಲೆ ಉಗುಳು ನುಂಗಿದೆ. ಏನೂ ಇಲ್ಲ! ಮತ್ತೆ ನುಂಗಿದೆ. ಬಾಟಲಿಯ ನೀರು ಪೂರ್ತಿ ಖಾಲಿ ಮಾಡಿದೆ. ಯಜಮಾನರು "ಇಷ್ಟು ಯಾಕೆ ಕುಡಿಯುತ್ತೀಯ" ಅಂದರು. ಅವರ ಕಡೆ ಕತ್ತು ತಿರುಗಿಸಿ ನೋಡಿದೆ, ಬರೀ ಕತ್ತು. ಒಂದೂವರೆ ಗಂಟೆ ಇತ್ತು ಆ ಸುಖ. ಯಶವಂತಪುರ ದಾಟುವ ಹೊತ್ತಿಗೆ ಮುಳ್ಳು ವಾಪಸ್ ಬಂತು.

ಎಷ್ಟು ಮಾಡಿದ್ದೀರಿ ಅಂತ ಕೇಳಿದೆ, ಧೈರ್ಯ ಮಾಡಿ. ಅವರು ನಕ್ಕರು. "ಇಪ್ಪತ್ತರ ಹತ್ತಿರ, ಬಹುಪಾಲು ಬಾಯೊಳಗಿಂದ" ಅಂದರು. ಮೊದಲು ಆರು ವಾರ ಮಾತ್ರೆ ಕೊಟ್ಟಿದ್ದಾರೆ. ಅದರಲ್ಲಿ ಆಗದಿದ್ದರೆ ಬಲಗಡೆ ಮಾತ್ರ, ದಸರಾ ರಜೆಯಲ್ಲಿ. ಎಡಗಡೆ ಮುಟ್ಟುವುದಿಲ್ಲ ಅಂದರು. ಮೇಷ್ಟ್ರಿಗೆ ಸಮಾಧಾನ ಆಗಬಹುದು.

ಲೆಕ್ಕದ_ಮೇಷ್ಟ್ರು | 6:52

ಆಯಿತು. ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ ತಾಯಿ, ಮಾಡಿಸಿಕೊಳ್ಳಿ.

ಹುಬ್ಬಳ್ಳಿ_ಗಿರ್ಮಿಟ್ | 6:55

ನೋಡ್ರಿ, ಬಾಯೊಳಗಿಂದ!

ಜರ್ಮನಿ_ಜೋಳದರೊಟ್ಟಿ | 7:30

ನಾಳದಿಂದ ದೂರ ಇದೆ ಅಂದಿದ್ದಾರೆ, ಅದಕ್ಕೆ. ನಾನು ಸೋತಿಲ್ಲ.

ಮೌನಿ_ಮೈಸೂರು | 8:02

ಇಂಜೆಕ್ಷನ್‌ಗೆ ನೋವು ಹೋಯಿತು ಅಂತ ಓದಿ ಖುಷಿ ಆಯಿತು ಅಕ್ಕ. ದಸರಾಕ್ಕೆ ಮುಂಚೆ ಒಂದು ಸಲ ಹೊಟ್ಟೆ ತುಂಬಾ ಮುದ್ದೆ ತಿಂದುಬಿಡಿ, ಆಮೇಲೆ ಒಂದು ತಿಂಗಳು ಗಂಜಿಯೇ.

ಹಳೇ_ರೇಡಿಯೋ | 8:10

ಹಾಗಾದರೆ ಕಾಫಿ ಮತ್ತೆ ಶುರು ಮಾಡಬಹುದಲ್ವಾ ಮೇಡಂ?

ತಿಪಟೂರು_ಟೀಚರ್ | 8:12

ಬೆಂಗಳೂರಿಂದ ಬಂದ ದಿನವೇ ಶುರು ಮಾಡಿದೆ.

ಹೊಸಬ_2 | ಶನಿವಾರ 7:45

ಈ ಚರ್ಚೆ ಓದಿ ಹೋದ ವರ್ಷ ಹಲ್ಲಿಗೆ ತೆಗೆಸಿದ್ದ ನನ್ನ ಒಪಿಜಿ ಹುಡುಕಿ ತೆಗೆದೆ. ಸ್ಕೇಲ್ ಇಟ್ಟು ಅಳೆದೆ, ಎರಡೂ ಕಡೆ 36 ಬರುತ್ತದೆ! ನೋವು ಗೀವು ಏನೂ ಇಲ್ಲ. ರಾತ್ರಿ ನಿದ್ದೆ ಬಂದಿಲ್ಲ. ಈಗ ಉಗುಳು ನುಂಗಿದರೆ ಏನೋ ಇದೆ ಅನ್ನಿಸುತ್ತಿದೆ. ಯಾವ ಡಾಕ್ಟರ್ ಹತ್ತಿರ ಹೋಗಲಿ?

ಕಿಮೂಗಂ_ಪಿಜಿ | 7:58

ಆ ಫಿಲ್ಮ್ ವಾಪಸ್ ಬೀರುವಿನಲ್ಲಿ ಇಡಿ ಸರ್.

ಸುಮ್ನಿರು_ಗುರು | 8:00

ಸ್ಕೇಲನ್ನೂ.